ಮುಖ ನೋಡಿ ಮಣೆ ಹಾಕಿದ ಕತೆ

ಇಫೆಯ ಲೋಹದ ತಲೆಗಳ ಬಗ್ಗೆ ಯಾವ ಬರಹ ತೆಗೆದರೂ ಮೊದಲಿಗೇ ಎರಡು ಮಾತು ಎದುರಾಗುತ್ತವೆ. ಅವು ಉಸಿರಾಡುವ ಮನುಷ್ಯರ ಮುಖದಂತೆಯೇ ಇವೆ ಎನ್ನುವುದು ಒಂದು. ಗ್ರೀಸ್, ಇಟಲಿಯ ಶಿಲ್ಪಗಳ ಪಕ್ಕದಲ್ಲಿಟ್ಟರೂ ಕಳೆಗುಂದುವುದಿಲ್ಲ ಎನ್ನುವುದು ಇನ್ನೊಂದು. ಇಲೆ-ಇಫೆ ನೈರುತ್ಯ ನೈಜೀರಿಯಾದ ಊರು. ಯೊರುಬಾ ಜನರ ನಂಬಿಕೆಯಲ್ಲಿ ಜಗತ್ತು ಹುಟ್ಟಿದ್ದೇ ಅಲ್ಲಿ. ಸುಮಾರು 12ರಿಂದ 15ನೇ ಶತಮಾನದ ನಡುವೆ ಅಲ್ಲಿ ಎರಕಗೊಂಡ ಈ ತಲೆಗಳಿಗೆ ಲೋಕದಲ್ಲಿ ಸಿಕ್ಕಿರುವ ಕೀರ್ತಿಯೆಲ್ಲ ಈ ಎರಡು ಮಾತುಗಳ ಮೇಲೆ ನಿಂತಿದೆ. ಮೊದಲನೆಯದು ಅರ್ಧ ನಿಜ. ಎರಡನೆಯದನ್ನು ಹೊಗಳಿಕೆ ಎಂದು ಒಪ್ಪಲು ನಾನು ಸಿದ್ಧನಿಲ್ಲ. ಇವೆರಡೂ ಸೇರಿ ಯೊರುಬಾ ನಾಗರಿಕತೆಯ ದೊಡ್ಡ ಸಾಧನೆಗಳನ್ನೇ ನಮ್ಮಿಂದ ಮರೆಮಾಡಿವೆ.

ಈ ಅಳತೆಗೋಲು ಬಂದ ದಾರಿಯನ್ನು ಗುರುತಿಸುವುದು ಕಷ್ಟವಲ್ಲ. 1910ರ ಕೊನೆಯಲ್ಲಿ ಜರ್ಮನಿಯ ಜನಾಂಗಶಾಸ್ತ್ರಜ್ಞ ಲಿಯೊ ಫ್ರೊಬೇನಿಯಸ್ ಇಫೆಗೆ ಬಂದರು. ಕಡಲಿಗೂ ಸಿರಿಗೂ ಒಡೆತನವಿರುವ ದೈವ ಒಲೋಕುನ್‌ನ ತೋಪಿನಲ್ಲಿ ಕಿರೀಟ ತೊಟ್ಟ ಲೋಹದ ತಲೆಯೊಂದನ್ನು ಕಂಡು ಬೆರಗಾದರು. ತಮ್ಮ ಎದುರಿಗೆ ನಿಂತಿದ್ದ ಜನರ ಹಿರಿಯರೇ ಅದನ್ನು ಮಾಡಿದ್ದಾರೆ ಎಂದು ಮಾತ್ರ ಅವರು ನಂಬಲಿಲ್ಲ. ಕಡಲಲ್ಲಿ ಮುಳುಗಿದ ಅಟ್ಲಾಂಟಿಸ್‌ನ ಕತೆಯನ್ನು ಎಳೆದು ತಂದರು. ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಎಂದೋ ನೆಲೆಸಿ ಅಳಿದುಹೋದ, ಗ್ರೀಕರಿಗೆ ಸಂಬಂಧಪಟ್ಟ ವಸಾಹತೊಂದರ ಕೈಕೆಲಸ ಇದು ಎಂದು ಬರೆದರು. ತಲೆಯನ್ನು ಕೊಂಡೊಯ್ಯಲೂ ಹೊರಟರು. ಬ್ರಿಟಿಷ್ ಅಧಿಕಾರಿಗಳು ವಿಚಾರಣೆ ನಡೆಸಿ ಅದನ್ನು ಇಫೆಗೆ ಮರಳಿಸಿದರು. ಸುಟ್ಟಮಣ್ಣಿನ ಕೆಲವು ತಲೆಗಳು ಮಾತ್ರ ಬರ್ಲಿನ್ ಸೇರಿದವು.

1938ರಲ್ಲಿ ಇಫೆಯ ಅರಮನೆಯ ಹತ್ತಿರ, ವುನ್ಮೊನಿಜೆ ವಠಾರದಲ್ಲಿ ಮನೆಗೆ ತಳಪಾಯ ತೋಡುವಾಗ 15ಕ್ಕೂ ಹೆಚ್ಚು ಲೋಹಶಿಲ್ಪಗಳು ಮಣ್ಣಿನಿಂದ ಎದ್ದುಬಂದವು. ಕಂಚಿನ ತಲೆಗಳು ಎಂದೇ ಹೆಸರಾದರೂ ಅವುಗಳಲ್ಲಿ ಬಹುಪಾಲು ಹಿತ್ತಾಳೆಯವು, ಕೆಲವು ಬರೀ ತಾಮ್ರದವು. ಇಷ್ಟು ತಲೆಗಳು ಒಂದೇ ಕಡೆ ಸಿಕ್ಕಮೇಲೆ ಅಟ್ಲಾಂಟಿಸ್ ಕತೆಗೆ ಉಳಿಗಾಲವಿರಲಿಲ್ಲ. ಆದರೆ ಮರುವರ್ಷ ಲಂಡನ್ನಿನ ಸಚಿತ್ರ ವಾರಪತ್ರಿಕೆ ಅವುಗಳನ್ನು ಓದುಗರಿಗೆ ಪರಿಚಯಿಸಿದ್ದು ಇಟಲಿ, ಗ್ರೀಸಿನ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಬಲ್ಲವು ಎಂದೇ. ಅಟ್ಲಾಂಟಿಸ್ ಹೋಯಿತು, ಗ್ರೀಸ್ ಉಳಿಯಿತು. ಫ್ರೊಬೇನಿಯಸ್ ಇಷ್ಟು ಚೆಂದವಾದದ್ದನ್ನು ಗ್ರೀಕರೇ ಮಾಡಿರಬೇಕು ಎಂದಿದ್ದರು. ಹೊಸಬರು ಇಷ್ಟು ಚೆಂದವಾದದ್ದನ್ನು ಆಫ್ರಿಕನ್ನರೂ ಗ್ರೀಕರಂತೆ ಮಾಡಬಲ್ಲರು ಎಂದರು. ಮಾಡಿದವರ ಹೆಸರು ಬದಲಾಯಿತು. ಚೆಂದ ಎಂದರೆ ಏನು ಎಂಬುದನ್ನು ತೀರ್ಮಾನಿಸುವ ಪೀಠ ಇದ್ದಲ್ಲೇ ಇತ್ತು.

ಭಾರತದವರಿಗೆ ಈ ನೋವು ಪರಿಚಿತ. ಅದೇ 1910ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಕಲಾ ವಿದ್ವಾಂಸ ಇ.ಬಿ. ಹ್ಯಾವೆಲ್ ಭಾರತದ ಕಲೆಯ ಬಗ್ಗೆ ಮಾತಾಡಿದಾಗ, ಅಧ್ಯಕ್ಷತೆ ವಹಿಸಿದ್ದ ಜಾರ್ಜ್ ಬರ್ಡ್‌ವುಡ್ ಜಾವಾದ ಧ್ಯಾನಸ್ಥ ಬುದ್ಧನ ವಿಗ್ರಹವನ್ನು ಬೇಯಿಸಿದ ಕೊಬ್ಬಿನ ಪುಡಿಂಗ್‌ಗೆ ಹೋಲಿಸಿದರು. ಗಾಂಧಾರದ ಬುದ್ಧನನ್ನು ಗ್ರೀಕ್ ಮೈಕಟ್ಟಿಗಾಗಿ, ಬಟ್ಟೆಯ ಮಡಿಕೆಗಳಿಗಾಗಿ ಮೆಚ್ಚಿ, ಮಥುರೆಯ ಬುದ್ಧನನ್ನು ಒರಟು ಎನ್ನುವ ರೂಢಿ ಆಗ ಗಟ್ಟಿಯಾಗಿತ್ತು. ಆನಂದ ಕುಮಾರಸ್ವಾಮಿ 1927ರಲ್ಲಿ ಬುದ್ಧವಿಗ್ರಹದ ಹುಟ್ಟಿನ ಬಗ್ಗೆ ಬರೆದಾಗ ಮಥುರೆಯ ಪರವಾಗಿ ಸಾಕ್ಷಿ ಹೇಳಿದ್ದಷ್ಟೇ ಅಲ್ಲ, ಆ ವಿಗ್ರಹವನ್ನು ಕಡೆದವರಿಗೆ ಏನು ಬೇಕಿತ್ತು ಎಂದು ಕೇಳಿದರು. ಇಫೆಯ ವಿಷಯದಲ್ಲೂ ಈ ಪ್ರಶ್ನೆ ಎದ್ದಿದೆ. ನೈಜೀರಿಯಾದ ವಿದ್ವಾಂಸರಾದ ರೋಲೆಂಡ್ ಅಬಿಯೊದುನ್, ಬಾಬಾತುಂಡೆ ಲಾವಲ್ ದಶಕಗಳಿಂದ ಅದನ್ನು ಕೇಳುತ್ತ ಬಂದಿದ್ದಾರೆ. ಆದರೂ ಪತ್ರಿಕೆಗಳಲ್ಲಿ, ಪ್ರದರ್ಶನದ ಕೈಪಿಡಿಗಳಲ್ಲಿ, ಪಠ್ಯಗಳಲ್ಲಿ ಹಳೆಯ ಹೊಗಳಿಕೆಯೇ ನಡೆಯುತ್ತಿದೆ.

ಮೊದಲು ತಲೆಯ ಕೆಳಗಿನ ಮೈಯನ್ನು ನೋಡೋಣ. 1957ರಲ್ಲಿ ಇಟಾ ಯೆಮೋ ಎಂಬಲ್ಲಿ ಸಿಕ್ಕ ಲೋಹಶಿಲ್ಪಗಳಲ್ಲಿ ಇಫೆಯ ಅರಸ, ಅಂದರೆ ಓನಿಯ ಪೂರ್ತಿ ನಿಂತ ಪ್ರತಿಮೆಯೊಂದಿದೆ. ಎತ್ತರ ಅರ್ಧ ಮೀಟರಿಗೂ ಕಡಿಮೆ. ಕೊರಳಿನಿಂದ ಹೊಟ್ಟೆಯವರೆಗೆ ಮಣಿಸರಗಳ ರಾಶಿ, ಕೈಗಳಲ್ಲಿ ಅಧಿಕಾರದ ಕುರುಹುಗಳು. ಮುಖ ಶಾಂತ, ನಿಜದ ಮುಖದಂತೆಯೇ ಇದೆ. ಆದರೆ ತಲೆ ಒಟ್ಟು ಎತ್ತರದ ಸುಮಾರು ಕಾಲುಭಾಗ. ಮನುಷ್ಯರ ಮೈಯಲ್ಲಿ ತಲೆ ಏಳರಲ್ಲೊಂದು ಪಾಲಿನಷ್ಟಿರುತ್ತದೆ. ಕಾಲುಗಳು ಗಿಡ್ಡ, ಪಾದಗಳು ದಪ್ಪ. ತುಟಿಯ ಅಂಚನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಶಿಲ್ಪಿಗೆ ಕಾಲಿನ ಉದ್ದ ಕಾಣಲಿಲ್ಲ ಎಂದು ಯಾರು ನಂಬುತ್ತಾರೆ? ಅವನಿಗೆ ಇದ್ದದ್ದನ್ನು ಇದ್ದಂತೆ ತೋರಿಸುವ ಉದ್ದೇಶವೇ ಇರಲಿಲ್ಲ. ಲೋಕ ಸುತ್ತುವ ಚಿತ್ರಗಳಲ್ಲಿ ಇಫೆ ಎಂದರೆ ಬರೀ ತಲೆಗಳೇ ಇರುತ್ತವೆ. ಮೈಯನ್ನೂ ಜೊತೆಗಿಟ್ಟರೆ ನೈಜತೆಯ ಹೊಗಳಿಕೆ ನಿಲ್ಲುವುದಿಲ್ಲ.

ಇನ್ನೂ ಬಲವಾದ ಸಾಕ್ಷಿ ಒಬಾಲಾರನ ಭೂಮಿ ಎಂದು ಕರೆಯುವ ತಾಣದಲ್ಲಿದೆ. 1970ರ ದಶಕದ ಆರಂಭದಲ್ಲಿ ಪುರಾತತ್ವಜ್ಞ ಪೀಟರ್ ಗಾರ್ಲೇಕ್ ಅಲ್ಲಿ ಅಗೆದಾಗ ಉಬ್ಬುಚಿತ್ರಗಳಿರುವ ಮಣ್ಣಿನ ಪೂಜಾಪಾತ್ರೆಯೊಂದು ಸಿಕ್ಕಿತು. ಅದರ ಮೈಮೇಲೆ ಒಂದು ಗುಡಿಯ ಚಿತ್ರವಿದೆ. ಗುಡಿಯೊಳಗೆ ಮೂರು ತಲೆಗಳು. ನಡುವಿನದು ನಾವೆಲ್ಲ ಮೆಚ್ಚುವ ಬಗೆಯ ಮನುಷ್ಯಮುಖ. ಅದರ ಎಡಬಲದಲ್ಲಿರುವ ಎರಡೂ ಶಂಕುವಿನಾಕಾರದವು. ಇಂಥ ಶಂಕುತಲೆಗಳು ಮಣ್ಣಿನಲ್ಲೂ ಸಿಕ್ಕಿವೆ. ಕೆಲವಕ್ಕೆ ಕಣ್ಣಿನ ಜಾಗದಲ್ಲಿ ಎರಡು ಗುಳಿ, ಬಾಯಿಯ ಜಾಗದಲ್ಲಿ ಒಂದು ಗೀರು, ಅಷ್ಟೇ. ನೈಜ ಶೈಲಿ ಮೊದಲಿತ್ತು, ಕೈ ಸೋತ ಮೇಲೆ ಒರಟು ಶೈಲಿ ಬಂತು ಎಂದು ಹೇಳುತ್ತಿದ್ದವರಿಗೆ ಈ ಪಾತ್ರೆಯೇ ಉತ್ತರ. ಒಂದೇ ಕಾಲದಲ್ಲಿ, ಒಂದೇ ಗುಡಿಯಲ್ಲಿ, ಒಂದೇ ಸಾಲಿನಲ್ಲಿ ಎರಡೂ ಇದ್ದವು. ಇಫೆಯವರಿಗೆ ಎರಡೂ ಬರುತ್ತಿತ್ತು, ಎರಡೂ ಬೇಕಿತ್ತು.

ಯಾಕೆ ಬೇಕಿತ್ತು ಎಂಬುದಕ್ಕೆ ಯೊರುಬಾ ಚಿಂತನೆಯಲ್ಲೇ ಒಂದು ದಾರಿ ಇದೆ. ಅಲ್ಲಿ ತಲೆ ಎರಡು. ಕಾಣುವ ಹೊರತಲೆ ಒಂದು, ಕಾಣದ ಒಳತಲೆ ಇನ್ನೊಂದು. ಆ ಒಳತಲೆಯೇ ಒರಿ, ಮನುಷ್ಯನ ಹಣೆಬರಹ, ಅವನ ಸ್ವಂತ ದೈವ. ಇಫಾ ಕಣಿಯ ಪಠ್ಯಗಳಲ್ಲಿ ಬರುವ ಕತೆಯ ಪ್ರಕಾರ ಭೂಮಿಗೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಅಜಾಲ ಎಂಬ ಕುಂಬಾರನ ಮನೆಯಲ್ಲಿ ತಮ್ಮ ತಲೆಯನ್ನು ಆರಿಸಿಕೊಳ್ಳಬೇಕು. ಅಜಾಲ ಕುಶಲಿ, ಆದರೆ ಸಾಲಗಾರ. ಸಾಲ ಕೊಟ್ಟವರಿಗೆ ಹೆದರಿ ಅಡಗಿ ಕೂರುವವ. ಅವನ ಮನೆಯಲ್ಲಿ ಚೆನ್ನಾಗಿ ಬೆಂದ ತಲೆಗಳೂ ಇವೆ, ಹಸಿ ಉಳಿದವೂ ಇವೆ. ಮೂವರು ಗೆಳೆಯರು ಹೊರಡುತ್ತಾರೆ. ಇಬ್ಬರು ಅಜಾಲ ಸಿಗದೆ ಕಣ್ಣಿಗೆ ಚೆಂದ ಕಂಡ ತಲೆಗಳನ್ನು ಎತ್ತಿಕೊಂಡು ಬರುತ್ತಾರೆ. ದಾರಿಯಲ್ಲಿ ಮಳೆ ಹೊಡೆದು ಅವು ಕರಗುತ್ತವೆ. ಮೂರನೆಯವನು ಕಣಿಯ ದೈವ ಒರುನ್ಮಿಲಾನ ಮಗ ಅಫುವಾಪೆ. ಅವನು ದಾರಿಯಲ್ಲಿ ಸಾರಿಗೆ ಉಪ್ಪಿನ ಬದಲು ಬೂದಿ ಹಾಕಿ ಅಡಿಗೆ ಮಾಡುತ್ತಿದ್ದ ಬಾಗಿಲು ಕಾಯುವವನಿಗೆ ಉಪ್ಪಿನ ರುಚಿ ತೋರಿಸುತ್ತಾನೆ, ಅವನ ನೆರವಿನಿಂದ ಅಜಾಲನ ಮನೆ ಸೇರುತ್ತಾನೆ, ಅಜಾಲನ ಸಾಲವನ್ನೂ ತೀರಿಸುತ್ತಾನೆ. ಅಜಾಲ ತಾನೇ ಗಟ್ಟಿಯಾದ ತಲೆಯೊಂದನ್ನು ಆರಿಸಿಕೊಡುತ್ತಾನೆ.

ಹೊರಗಿನ ಚೆಂದ ನೋಡಿ ತಲೆ ಆರಿಸಿದವರು ಕೆಟ್ಟರು ಎಂದು ಹೇಳುವ ಜನ, ಒಳತಲೆಗೆ ರೂಪ ಕೊಡುವಾಗ ಮನುಷ್ಯಮುಖವನ್ನು ಬಿಟ್ಟಿದ್ದು ಸಹಜವೇ. ಒರಿಯ ಪೂಜೆಗೆ ಯೊರುಬಾ ಮನೆಗಳಲ್ಲಿ ಇಡುತ್ತಿದ್ದ ವಸ್ತು ಶಂಕುವಿನಾಕಾರದ್ದು. ಅದನ್ನು ಕವಡೆ ಹೊಲಿದ ಚರ್ಮದ ಗೂಡಿನಲ್ಲಿ ಇಡುತ್ತಿದ್ದರು. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲ. ಒಬಾಲಾರನ ಭೂಮಿಯ ಪಾತ್ರೆಯ ಶಂಕುತಲೆಗಳನ್ನು ಈ ಬೆಳಕಿನಲ್ಲಿ ಓದುವ ವಿದ್ವಾಂಸರ ಮಾತು ನನಗೆ ಒಪ್ಪಿಗೆಯಾಗುತ್ತದೆ. ಹಾಗೆ ಓದಿದರೆ ನಾವು ಒರಟು ಎಂದು ಬದಿಗಿಟ್ಟ ತಲೆಯೇ ಹೆಚ್ಚು ಆಳದ್ದು.

ಮೆಚ್ಚುಗೆ ಪಡೆದ ತಲೆಗಳ ಮೇಲೂ ಒಂದು ಗುರುತು ಇದೆ. ಹಲವು ತಲೆಗಳ ಕೂದಲಂಚಿನಲ್ಲಿ, ಬಾಯಿಯ ಸುತ್ತ, ಗಲ್ಲದ ಮೇಲೆ ಸಾಲಾಗಿ ತೂತುಗಳಿವೆ. ಕಿರೀಟ ಕಟ್ಟಲು, ಗಡ್ಡ ಸೇರಿಸಲು, ಮಣಿಪರದೆ ಇಳಿಬಿಡಲು ಎಂದು ವಿದ್ವಾಂಸರಲ್ಲಿ ಬೇರೆಬೇರೆ ಅಭಿಪ್ರಾಯಗಳಿವೆ. ಇಂದಿಗೂ ಯೊರುಬಾ ಅರಸನ ದೊಡ್ಡ ಕಿರೀಟದ ಅಂಚಿನಿಂದ ಮಣಿಸರಗಳು ಮುಖದ ಮೇಲೆ ಇಳಿಯುತ್ತವೆ. ಅರಸನ ಮುಖವನ್ನು ನೇರವಾಗಿ ದಿಟ್ಟಿಸಬಾರದು ಎಂಬುದು ಹಳೆಯ ನಡಾವಳಿ. ಪರದೆ ಹಾಕಲೆಂದೇ ಆ ತೂತುಗಳಿದ್ದರೆ, ಗಾಜಿನ ಪೆಟ್ಟಿಗೆಯ ದೀಪದ ಕೆಳಗೆ ನಾವು ಹತ್ತಿರದಿಂದ ನೋಡಿ ಮೆಚ್ಚುತ್ತಿರುವುದು ಮುಚ್ಚಿಡಲು ಮಾಡಿದ ಮುಖವನ್ನು.

ಯೊರುಬಾ ಜನರಿಗೆ ಕಲೆಯನ್ನು ಅಳೆಯುವ ತಮ್ಮದೇ ಕೋಲಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದೂ ಸುಳ್ಳು. ಕಲಾ ಇತಿಹಾಸಕಾರ ರಾಬರ್ಟ್ ಫ್ಯಾರಿಸ್ ಥಾಂಪ್ಸನ್ 1960ರ ದಶಕದಲ್ಲಿ ಯೊರುಬಾ ಊರುಗಳಲ್ಲಿ ತಿರುಗಿ, ಮರದ ಕೆತ್ತನೆಗಳನ್ನು ಜನರ ಮುಂದಿಟ್ಟು ಯಾವುದು ಚೆನ್ನ, ಯಾಕೆ ಚೆನ್ನ ಎಂದು ಕೇಳಿದರು. 1973ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಆ ಹಳ್ಳಿಯ ವಿಮರ್ಶಕರ ಮಾತುಗಳಿವೆ. ಹೋಲಿಕೆ ಬೇಕು, ಆದರೆ ಹದವಾಗಿರಬೇಕು. ಇಂಥವನೇ ಎಂದು ಗುರುತು ಹತ್ತುವಷ್ಟು ಹೋಲಬಾರದು, ಮನುಷ್ಯನೇ ಅಲ್ಲ ಎನ್ನುವಷ್ಟು ದೂರವೂ ಹೋಗಬಾರದು. ಮುದುಕನನ್ನು ಕೆತ್ತಿದರೂ ಹರೆಯದ ಕಸುವಿನಲ್ಲಿ ಕೆತ್ತಬೇಕು. ಗೆರೆ ಸ್ಪಷ್ಟವಾಗಿರಬೇಕು, ಮೈ ನುಣುಪಾಗಿ ಹೊಳೆಯಬೇಕು. ಇವರ ಅಳತೆಯಲ್ಲಿ ಅತಿಯಾದ ನೈಜತೆ ಒಂದು ದೋಷ. ಇಫೆಯ ತಲೆಗಳಲ್ಲಿ ಸುಕ್ಕಿಲ್ಲ, ಕಲೆಯಿಲ್ಲ, ವಯಸ್ಸಿಲ್ಲ. ಹಲವು ತಲೆಗಳು ಒಂದೇ ಮನೆಯವರಂತೆ ಕಾಣುತ್ತವೆ. ಏಳುನೂರು ವರ್ಷ ಹಿಂದಿನವರ ಅಳತೆಯೂ ಇದೇ ಆಗಿತ್ತು ಎಂದು ಪ್ರಮಾಣ ಮಾಡಲಾಗದು. ಆದರೂ ಆ ತಲೆಗಳಿಗೆ ಅಥೆನ್ಸಿನ ಅಳತೆಗಿಂತ ಇದು ಸರಿಯಾಗಿ ಹೊಂದುತ್ತದೆ.

ಈ ಅಳತೆಯ ಮುಂದುವರಿಕೆಯನ್ನು ಎರೆ ಇಬೆಜಿ ಎಂಬ ಅವಳಿಗೊಂಬೆಗಳಲ್ಲಿ ನೋಡಬಹುದು. ಲೋಕದಲ್ಲಿ ಅವಳಿ ಮಕ್ಕಳು ಹೆಚ್ಚಾಗಿ ಹುಟ್ಟುವ ಜನರಲ್ಲಿ ಯೊರುಬಾ ಜನ ಸೇರಿದ್ದಾರೆ. ಅವಳಿಯಲ್ಲೊಂದು ತೀರಿಕೊಂಡರೆ ತಾಯಿ ಮರದಲ್ಲಿ ಗೊಂಬೆ ಕೆತ್ತಿಸುತ್ತಾಳೆ. ತೀರಿಕೊಂಡದ್ದು ಹಸುಗೂಸು, ಗೊಂಬೆ ಮಾತ್ರ ಬೆಳೆದ ಹೆಣ್ಣಿನದು ಅಥವಾ ಗಂಡಿನದು, ಮೊಲೆ, ಕಟ್ಟಿದ ತುರುಬು ಸಮೇತ. ಅದನ್ನು ಮೀಯಿಸಿ, ಬಣ್ಣ ಬಳಿದು, ಬಟ್ಟೆ ತೊಡಿಸಿ, ಅವಳಿಗಳಿಗೆ ಪ್ರಿಯವಾದ ಕಾಳಿನ ಅಡಿಗೆಯನ್ನು ತಾಳೆಣ್ಣೆಯೊಂದಿಗೆ ಉಣಿಸುತ್ತಾಳೆ. ವರ್ಷಗಟ್ಟಲೆ ಮೀಯಿಸಿದ ಗೊಂಬೆಯ ಕಣ್ಣು ಮೂಗು ಸವೆದು ಮುಖ ಬೋಳಾಗುತ್ತದೆ. ಆ ಸವೆತ ಗೊಂಬೆಯ ಮೌಲ್ಯವನ್ನು ಕಳೆಯಿತು ಎಂದು ಯಾವ ತಾಯಿಯೂ ಹೇಳಲಾರಳು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಇಫೆಯದೇ ಕುಲುಮೆಯದು ಎಂದು ಹೆಚ್ಚಿನವರು ನಂಬುವ ತಾಮ್ರದ ಕುಳಿತ ಪ್ರತಿಮೆಯೊಂದಿದೆ. ಅದರಲ್ಲಿ ಮೈ, ತಲೆ, ಮಡಿಸಿದ ಕಾಲು ಎಲ್ಲವೂ ನಿಜದ ಅಳತೆಗೆ ಹತ್ತಿರ. ಇಫೆಯಲ್ಲಿ ಪೂರ್ತಿ ನೈಜವಾದ ಮೈಯೂ ಇತ್ತು ಎನ್ನುವುದಕ್ಕೆ ಅದೇ ಆಧಾರ. ಒಪ್ಪುತ್ತೇನೆ, ಆ ಕೈಚಳಕ ಅವರಿಗಿತ್ತು. ಇತ್ತು ಎಂಬ ಕಾರಣಕ್ಕೇ ಉಳಿದೆಡೆ ಅದನ್ನು ಬಿಟ್ಟದ್ದು ಬೇಕೆಂದು ಬಿಟ್ಟದ್ದು ಎಂದು ಖಚಿತವಾಗುತ್ತದೆ. ಆ ಪ್ರತಿಮೆ ಇದ್ದದ್ದು ಇಫೆಯಿಂದ ಬಹುದೂರ, ನೈಜರ್ ನದಿಯ ದಂಡೆಯ ಟಾಡಾ ಎಂಬ ನೂಪೆ ಜನರ ಹಳ್ಳಿಯಲ್ಲಿ. ಊರವರು ವಾರವಾರ ಅದನ್ನು ನದಿಗೆ ಒಯ್ದು ಮರಳಿನಿಂದ ತಿಕ್ಕುತ್ತಿದ್ದರು. ಹಾಗೆ ಮಾಡಿದರೆ ಹೆಂಗಸರಿಗೆ ಮಕ್ಕಳಾಗುತ್ತವೆ, ನದಿಯಲ್ಲಿ ಮೀನು ಹೆಚ್ಚುತ್ತದೆ ಎಂಬ ನಂಬಿಕೆ. ಕಲಾ ಇತಿಹಾಸಕಾರರು ಆ ಸವೆತಕ್ಕಾಗಿ ಮರುಗುತ್ತಾರೆ. ಅದನ್ನು ಶತಮಾನಗಳ ಕಾಲ ಕಾಪಾಡಿದ್ದೂ ಆ ತಿಕ್ಕುವ ಕೈಗಳೇ.

ಇನ್ನು ತಲೆಗಳ ಗದ್ದಲದಲ್ಲಿ ಮರೆತದ್ದಕ್ಕೆ ಬರೋಣ. ನನ್ನ ದೂರಿನ ತಿರುಳು ಇಲ್ಲಿದೆ.

ಒಲೋಕುನ್ ತೋಪಿನಲ್ಲಿ ಫ್ರೊಬೇನಿಯಸ್ ತಲೆಯ ಜೊತೆಗೆ ಗಾಜು ಮೆತ್ತಿದ ಮೂಸೆಗಳನ್ನೂ ಕಂಡಿದ್ದರು. ಮುಂದೆ ಬಹಳ ಕಾಲ ವಿದ್ವಾಂಸರು ಹೇಳಿದ್ದು ಒಂದೇ. ಗಾಜು ಹೊರಗಿನಿಂದ, ಅರಬರಿಂದಲೋ ಯುರೋಪಿನಿಂದಲೋ ಬಂತು, ಇಫೆಯವರು ಅದನ್ನು ಕರಗಿಸಿ ಮಣಿ ಮಾಡಿದರು, ಅಷ್ಟೇ. ಮೂಸೆ ಕೈಯಲ್ಲಿದ್ದರೂ ಗಾಜನ್ನೇ ಇಲ್ಲಿ ಮಾಡಿರಬಹುದು ಎಂದು ಪರೀಕ್ಷಿಸುವ ಮನಸ್ಸು ಬರಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ರಾಸಾಯನಿಕ ಪರೀಕ್ಷೆಗಳು ನಡೆದಾಗ ಚಿತ್ರ ಬದಲಾಯಿತು. ಇಫೆಯ ಗಾಜಿನಲ್ಲಿ ಸುಣ್ಣದ ಅಂಶವೂ ಅಲ್ಯೂಮಿನಾದ ಅಂಶವೂ ಹೆಚ್ಚು. ಇಸ್ಲಾಮಿ ದೇಶಗಳ, ಯುರೋಪಿನ, ಏಷ್ಯಾದ ಯಾವ ಗಾಜಿಗೂ ಅದು ಹೊಂದುವುದಿಲ್ಲ. ಪುರಾತತ್ವಜ್ಞ ಅಬಿದೆಮಿ ಬಾಬಾತುಂಡೆ ಬಾಬಲೋಲಾ ಆ ತೋಪಿನಲ್ಲಿ ಅಗೆದು 12,000ಕ್ಕೂ ಹೆಚ್ಚು ಗಾಜಿನ ಮಣಿಗಳನ್ನು, 800ಕ್ಕೂ ಹೆಚ್ಚು ಮೂಸೆಯ ಚೂರುಗಳನ್ನು, ಕಿಲೋಗಟ್ಟಲೆ ಗಾಜಿನ ಕಸವನ್ನು ಹೊರತೆಗೆದು 2017ರಲ್ಲಿ ಪ್ರಕಟಿಸಿದರು. ಸ್ಥಳೀಯ ಕಚ್ಚಾಸಾಮಗ್ರಿಯಿಂದ ಗಾಜನ್ನೇ ತಯಾರಿಸುವ ವಿದ್ಯೆ 11ರಿಂದ 15ನೇ ಶತಮಾನದ ನಡುವೆ ಅಲ್ಲಿ ನಡೆಯುತ್ತಿತ್ತು. ಅಲ್ಲಿನ ಬಗೆಯ ಮಣಿಗಳು ಸಹಾರಾದ ಅಂಚಿನ ಮಾಲಿಯ ಹಳೆಯ ವ್ಯಾಪಾರದೂರುಗಳಲ್ಲೂ ಸಿಕ್ಕಿವೆ.

ಇದು ತಲೆಗಳಿಗಿಂತ ಕಿರಿದಾದ ಸಂಗತಿಯಲ್ಲ. ಮರಳಿನಿಂದ ಗಾಜು ಕಂಡುಕೊಂಡ ಜನರು ಲೋಕದ ಇತಿಹಾಸದಲ್ಲಿ ಬೆರಳೆಣಿಕೆಯಷ್ಟು. ಅರಸನ ಅರಸುತನವೇ ಆ ಮಣಿಗಳಲ್ಲಿತ್ತು. ಮಣಿಕಿರೀಟ ತೊಡುವ ಹಕ್ಕು ಇಫೆಯಿಂದ ಬರಬೇಕು ಎಂದು ಇತರ ಯೊರುಬಾ ರಾಜ್ಯಗಳು ಹೇಳಿಕೊಳ್ಳುತ್ತಿದ್ದವು. ಓನಿಯ ಲೋಹಪ್ರತಿಮೆಯ ಎದೆಯ ಮೇಲಿನ ಮಣಿರಾಶಿಯನ್ನು ಅಲಂಕಾರ ಎಂದು ದಾಟಿಹೋಗುವವರು ಪ್ರತಿಮೆಯ ಮುಖ್ಯ ಮಾತನ್ನೇ ಬಿಟ್ಟಿರುತ್ತಾರೆ.

ಅಲ್ಲಿನ ನೆಲವಂತೂ ನನ್ನ ಮಟ್ಟಿಗೆ ಇಫೆಯ ಅತಿ ಸುಂದರ ಕೃತಿ. ಒಡೆದ ಮಡಕೆಯ ಚೂರುಗಳನ್ನು ಒಂದೇ ಅಳತೆಗೆ ತಂದು, ಚಪ್ಪಟೆ ಹಾಸದೆ ಅಂಚಿನ ಮೇಲೆ ನಿಲ್ಲಿಸಿ, ಒತ್ತೊತ್ತಾಗಿ ಮೀನಿನ ಮುಳ್ಳಿನ ವಿನ್ಯಾಸದಲ್ಲಿ ಕೂರಿಸಿದ ಹಾಸು. ಕೆಲವೆಡೆ ಚೂರುಗಳ ಸಾಲಿನ ನಡುವೆ ಬಿಳಿಯ ಬೆಣಚುಕಲ್ಲಿನ ಸಾಲುಗಳು. ಮನೆಯ ಅಂಗಳ, ಗುಡಿ, ದಾರಿ ಎಲ್ಲೆಲ್ಲೂ ಇದೇ ನೆಲ. ನಮ್ಮ ತೊಟ್ಟಿಮನೆಯಂತೆ ನಡುವೆ ತೆರೆದ ಅಂಗಳ, ಸುತ್ತ ಜಗಲಿ ಇರುವ ಮನೆಗಳಲ್ಲಿ ಮಳೆಗೆ ಈ ನೆಲ ಕೆಸರಾಗುತ್ತಿರಲಿಲ್ಲ. ಕೆಲವು ಹಾಸುಗಳ ನಡುವೆ ಕಂಠದವರೆಗೆ ಹೂತ ಮಡಕೆ ಇರುತ್ತದೆ. ಭೂಮಿಗೆ, ಹಿರಿಯರಿಗೆ ಎರೆಯುವ ನೀರು ಅದರೊಳಗೆ ಇಳಿಯುತ್ತಿತ್ತು. 1969ರಲ್ಲಿ ಪುರಾತತ್ವಜ್ಞ ಎಕ್ಪೊ ಎಯೊ ಇಫೆಯ ಲಾಫೊಗಿಡೊದಲ್ಲಿ ಅಗೆದಾಗ ಇಂಥ ಹಾಸಿನ ಸುತ್ತ ಹೂತ ಮಡಕೆಗಳೂ, ಅವುಗಳ ಬಾಯಿಗೆ ಮುಚ್ಚಿದ ಸುಟ್ಟಮಣ್ಣಿನ ಪ್ರಾಣಿತಲೆಗಳೂ ಸಿಕ್ಕವು. ಅಲ್ಲಿನ ಆನೆಗೂ ರಾಜಮಣಿಗಳ ಅಲಂಕಾರವಿದೆ.

ಇಫೆಯ ಹೇಳಿಕೆಯ ಪ್ರಕಾರ ಈ ನೆಲ ಹಾಸಿಸಿದವಳು ಲುವೊ, ಓನಿಯ ಗಾದಿಯಲ್ಲಿ ಕುಳಿತ ಹೆಂಗಸು. ಕೆಸರು ತುಳಿಯಲು ಒಲ್ಲದೆ ತನ್ನ ಊರಿನ ದಾರಿಗಳಿಗೆ ಚೂರು ಹಾಸಿಸಿದಳಂತೆ. ಈ ಹೇಳಿಕೆಗೆ ಶಾಸನದ ಆಧಾರವಿಲ್ಲ. ಆದರೆ ಊರಿನ ನೆಲವನ್ನು ಆಳುವವರ ಹೊಣೆ ಎಂದು ನೆನಪಿಟ್ಟುಕೊಂಡ ಜನರು ಅವರು, ಅದನ್ನು ಒಬ್ಬ ಅರಸಿಯ ಹೆಸರಿನಲ್ಲಿ ನೆನಪಿಟ್ಟುಕೊಂಡವರು. ಲಕ್ಷಗಟ್ಟಲೆ ಚೂರುಗಳನ್ನು ಕೂಡಿಹಾಕಿ, ಅಂಚು ತಟ್ಟಿ, ಕೂರಿಸಿದ ಕೈಗಳ ಹಿಂದೆ ಕುಂಬಾರರಿದ್ದಾರೆ, ಹೊರುವವರಿದ್ದಾರೆ, ಕೆಲಸ ಹಂಚಿದವರಿದ್ದಾರೆ. ಒಬ್ಬ ಮೇಧಾವಿ ಶಿಲ್ಪಿಯ ಕತೆ ಹೇಳಿ ಮುಗಿಸಲು ಬಾರದ ಸಾಧನೆ ಇದು. ಇಫೆಯನ್ನು ಊರು ಎಂದು ಅರಿಯಬೇಕಾದರೆ ನೆಲದಿಂದ ಆರಂಭಿಸಬೇಕು.

ಐತಿಹ್ಯದ ವೀರ ಅರಸ ಒರಾನ್ಮಿಯಾನ್‌ನ ಕೋಲು ಎಂದು ಕರೆಯುವ, ಐದು ಮೀಟರಿಗೂ ಎತ್ತರದ ಕಲ್ಲುಕಂಬವೂ ಅಲ್ಲಿದೆ. ಅದರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಮೊಳೆಗಳನ್ನು ಸಾಲಾಗಿ ಹೊಡೆದಿದ್ದಾರೆ. ಅದಕ್ಕೂ ಮುಖವಿಲ್ಲ, ಹಾಗಾಗಿ ಅದೂ ಪಟಗಳಲ್ಲಿ ಮೂಲೆ ಸೇರಿದೆ.

ಲೋಹದ ತಲೆಗಳನ್ನು ಹೀಗೆ ಕೆಳಗಿಳಿಸಿದರೆ ನೈಜೀರಿಯನ್ನರ ಹೆಮ್ಮೆಗೆ ಪೆಟ್ಟಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಫ್ರಿಕಕ್ಕೆ ಕಲೆಯೇ ಇಲ್ಲ ಎಂದು ಬಿಳಿಯ ವಿದ್ವಾಂಸರು ಹೇಳುತ್ತಿದ್ದ ಕಾಲದಲ್ಲಿ ಈ ತಲೆಗಳು ಬಾಯಿ ಮುಚ್ಚಿಸುವ ಉತ್ತರವಾಗಿದ್ದವು. ಆ ಉತ್ತರದ ಬೆಲೆ ನನಗೆ ಗೊತ್ತು, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ನೀನು ನಮ್ಮಂತಿದ್ದೀಯಾ ಎಂಬ ಪ್ರಶ್ನೆಗೆ ಹೌದು, ನಿಮ್ಮಂತೆಯೇ ಇದ್ದೇನೆ ಎಂದು ಉತ್ತರಿಸಿದವನು ಪ್ರಶ್ನೆಯನ್ನೂ ಒಪ್ಪಿದಂತಾಗುತ್ತದೆ. ಅದರ ಫಲ ಈಗಲೂ ಕಾಣುತ್ತದೆ. 2017ರಲ್ಲಿ ವೆನಿಸ್‌ನಲ್ಲಿ ಬ್ರಿಟನ್ನಿನ ಕಲಾವಿದ ಡೇಮಿಯನ್ ಹರ್ಸ್ಟ್ ಇಫೆಯ ತಲೆಯೊಂದರ ಪಡಿಯಚ್ಚಿನಂಥ ಚಿನ್ನದ ಬಣ್ಣದ ತಲೆಯನ್ನು ತಮ್ಮ ಪ್ರದರ್ಶನದಲ್ಲಿಟ್ಟಾಗ ನೈಜೀರಿಯಾದ ಕಲಾವಿದ ವಿಕ್ಟರ್ ಎಹಿಖಾಮೆನೊರ್ ಬಹಿರಂಗವಾಗಿ ಪ್ರತಿಭಟಿಸಿದರು. ಅವರ ಸಿಟ್ಟು ನ್ಯಾಯವಾದದ್ದು. ನೋಡಿದ ಕೂಡಲೇ ಮೆಚ್ಚಬಹುದಾದ ಒಂಟಿ ಮುಖವಾಗಿ ನೂರು ವರ್ಷ ಮೆರೆದ ವಸ್ತುವನ್ನು ಅದರ ಊರಿನಿಂದ ಕಿತ್ತು ಎಲ್ಲಿಗೆ ಬೇಕಾದರೂ ಒಯ್ಯಬಹುದು. ನೆಲವನ್ನು ಹಾಗೆ ಒಯ್ಯಲಾಗದು.

ಒಯ್ಯಲಾಗದಿದ್ದರೂ ಅಳಿಸಬಹುದು. ಇಫೆ ಇಂದಿಗೂ ಜನ ಬಾಳುವ ಊರು, ಹಳೆಯ ಹಾಸುಗಳ ಮೇಲೆಯೇ ಹೊಸ ಮನೆ, ಹೊಸ ರಸ್ತೆ ಏಳುತ್ತವೆ. ಒಲೋಕುನ್ ತೋಪನ್ನು ಮಣಿಗೆ ಆಸೆಪಟ್ಟವರು ಬಹಳ ಹಿಂದಿನಿಂದ ಬಗೆದಿದ್ದಾರೆ. ಚೂರಿನ ಹಾಸು ಇಫೆಗೆ ಮಾತ್ರ ಸೇರಿದ್ದೂ ಅಲ್ಲ. ಬೆನಿನ್, ಟೋಗೊ, ಬುರ್ಕಿನಾ ಫಾಸೊಗಳಲ್ಲೂ ಅಂಥ ನೆಲ ಸಿಕ್ಕಿದೆ. ಈ ವಿದ್ಯೆ ಎಲ್ಲಿ ಹುಟ್ಟಿ ಯಾರ ಕೈಯಿಂದ ಯಾರಿಗೆ ಹೋಯಿತು ಎಂಬ ಪ್ರಶ್ನೆಗೆ ಹತ್ತಾರು ದೇಶಗಳ ಅಗೆತದ ಲೆಕ್ಕವನ್ನು ಒಂದೇ ನಕ್ಷೆಗೆ ತರಬೇಕು. ಇಫೆಯೊಳಗೆ ಹೊಸ ತಳಪಾಯ ತೋಡುವ ಮುಂಚೆ ಒಬ್ಬ ಪುರಾತತ್ವಜ್ಞ ಬಂದು ನೋಡಿ ಗುರುತು ಹಾಕಿಕೊಳ್ಳುವ ಏರ್ಪಾಟು ಬೇಕು. ಮುಂದಿನ ದೊಡ್ಡ ಪ್ರದರ್ಶನಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು ಈ ಕೆಲಸಕ್ಕೆ ಹೋಗಬೇಕು.